ಪೂಲಿನ ಮನೆಯ ಗರ್ಡರ್

ಕೊಡ್ಲಿ
12 ಸೆಪ್ಟೆಂಬರ್ 2024

ಮಾವನವರಿಗೆ, ಸೊಸೆ ಸುಶ್ಮಿತಾ ದೂರದಿಂದಲೇ ಕಾಲಿಗೆರಗಿ ಬರೆಯುವ ಕಾಗದ.

ಇಡೀ ಸರ್ವೀಸನ್ನು ಅಂಚೆ ಕಚೇರಿಯಲ್ಲಿ ಕಳೆದವರಿಗೆ ಕಾಗದ ಬರೆಯಲು ಕೂತು ಎರಡು ಹಾಳೆ ಹರಿದು ಹಾಕಿದ್ದೇನೆ. ಪಿನ್ ಕೋಡ್ ತಪ್ಪಿದ್ದರೆ ವಿಷಯ ಓದುವ ಮೊದಲು ಅದಕ್ಕೇ ಬೈಯುತ್ತೀರಿ. ಆದರೂ ಬರೆಯದೆ ಗತಿಯಿಲ್ಲ. ಮೊನ್ನೆ ಫೋನಿನಲ್ಲಿ ನಾನೂ ದನಿ ಏರಿಸಿದೆ, ನೀವೂ ಏರಿಸಿದಿರಿ, ಕೊನೆಗೆ ಫೋನ್ ಇಟ್ಟುಬಿಟ್ಟಿರಿ. "ಸಿಟ್ಟಿದ್ರ ಕಾಗದ ಬರೀಬೇಕು, ಬರೆಯೂದ್ರಾಗ ಅರ್ಧ ಆರ್ತದ" ಎಂದು ನೀವೇ ಹೇಳುತ್ತೀರಂತೆ, ನಿಮ್ಮ ಮಗ ಹೇಳಿದರು.

ವಿಷಯ ನಿಮಗೆ ಗೊತ್ತಿದ್ದದ್ದೇ. ವಾಡಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮಳೆಗೆ ಒಂದು ಹಳೇ ಮನೆಯ ಮಾಳಿಗೆ ಕುಸಿಯಿತು. ಪುಣ್ಯಕ್ಕೆ ಮನೆಯವರೆಲ್ಲ ಹೊರಗಿದ್ದರು. ಅದಾದ ಮೇಲೆ ಹಳೇ ಮನೆಗಳ ತಪಾಸಣೆಗೆ ಪುರಸಭೆಯ ಎಂಜಿನಿಯರ್ ಬಂದರು. ನೀವು ಅವರನ್ನು ಕೂಡಿಸಿ, ಚಹಾ ಕೊಟ್ಟು, ನಮ್ಮ ಮಾಳಿಗೆಯ ಫರಸಿ ಕಲ್ಲಿನ ಚಪ್ಪಡಿಗಳನ್ನು ಹೊತ್ತಿರುವ ಕಬ್ಬಿಣದ ಗರ್ಡರ್‌ಗಳು ಹಳೇ ರೈಲ್ವೆ ಸೇತುವೆಯವು ಎಂದು ವರ್ಣಿಸಿದಿರಿ. ಅವರು ಕೇಳಿದ್ದನ್ನು ಹಾಗೆಯೇ ಬರೆದುಕೊಂಡರು. ಈಗ ನೋಟಿಸು ಬಂದಿದೆ. ಜನವರಿ ಮುಗಿಯುವುದರೊಳಗೆ ಮಾಳಿಗೆ ಇಳಿಸಬೇಕು, ಇಲ್ಲವೇ ಗರ್ಡರ್ ಗಟ್ಟಿಯಿದೆ ಎಂದು ಅರ್ಹ ಎಂಜಿನಿಯರ್ ಪರೀಕ್ಷಿಸಿ ಬರೆದುಕೊಡಬೇಕು.

ಮಾವ, ನಾನು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಇದೇ ಪಾಠ ಹೇಳುವವಳು. ಬಾಣಂತನಕ್ಕೆ ತವರಿಗೆ ಬರದಿದ್ದರೆ ಏಣಿ ಹಾಕಿಕೊಂಡು ನಾನೇ ನೋಡುತ್ತಿದ್ದೆ. ಕೂಸಿಗೆ ಐದನೇ ತಿಂಗಳು ತುಂಬಿದಾಗ ನೀವು ಕರೆಯಲು ಬರುವುದು ಪದ್ಧತಿ. ಆದರೆ ಆ ಗರ್ಡರ್ ಎಂಥದ್ದು ಎಂದು ಗೊತ್ತಾಗುವ ತನಕ ನನ್ನ ಮಗಳನ್ನು ಅದರ ಕೆಳಗೆ ಮಲಗಿಸಲಾರೆ. ಇದನ್ನು ಫೋನಿನಲ್ಲಿ ಒರಟಾಗಿ ಹೇಳಿದೆ. ಇಲ್ಲಿ ಮೆತ್ತಗೆ ಹೇಳುತ್ತಿದ್ದೇನೆ, ಮಾತು ಮಾತ್ರ ಅದೇ.

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಸೊಸೆ,
ಸುಶ್ಮಿತಾ


ವಾಡಿ
19 ಸೆಪ್ಟೆಂಬರ್ 2024

ಚಿ. ಸೌ. ಸುಶ್ಮಿತಾಳಿಗೆ ಮಾವ ಭಾಗಣ್ಣನ ಆಶೀರ್ವಾದ. ಕೂಸಿಗೆ ಅಜ್ಜನ ಮುತ್ತು.

ನಿನ್ನ ಕಾಗದ ಬರಲು ವಾರ ಹಿಡಿಯಿತು. ನನ್ನ ಕಾಲದಲ್ಲಿ ಕೊಡ್ಲಿಯ ಟಪಾಲು ಮರುದಿನ ವಾಡಿಯಲ್ಲಿ ಇರುತ್ತಿತ್ತು. ಪಿನ್ ಕೋಡ್ ಸರಿ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ದೇವೀಂದ್ರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಈ ಮನೆ ಕಟ್ಟುವಾಗ ನಾನು ಶಾಲೆಗೆ ಇನ್ನೂ ಹೋಗುತ್ತಿರಲಿಲ್ಲ. ಗರ್ಡರ್‌ಗಳು ಎತ್ತಿನ ಬಂಡಿಯ ಮೇಲೆ ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಓಣಿಯ ಮಂದಿಯೆಲ್ಲ ಸೇರಿದ್ದರು. ಅಪ್ಪ ತಲೆಯ ಪಟಗ ಸರಿಮಾಡಿಕೊಂಡು ಹೇಳಿದ, "ಇವು ಕಾಗಿಣಾ ಹೊಳೀ ಹಳೇ ಪೂಲಿನವು. ಹರಾಜಿನಾಗ ಹಿಡದೀನಿ." ಅವತ್ತಿನಿಂದ ನಮ್ಮದು ಪೂಲಿನ ಮನೆ. ಸೇತುವೆಗೆ ಈ ಊರಲ್ಲಿ ಪೂಲು ಎನ್ನದೆ ಇನ್ನೇನೆನ್ನುತ್ತಾರೆ. ನಿಮ್ಮಪ್ಪ ಸಂಬಂಧದ ಮಾತಿಗೆ ಬಂದಾಗ ಸ್ಟೇಷನ್ನಿನ ಹೊರಗೆ ಕೇಳಿದ್ದು ಭಾಗಣ್ಣನ ಮನೆ ಎಂದಲ್ಲ, ಪೂಲಿನ ಮನೆ ಎಂದು. ಬೇಕಾದರೆ ಅವರನ್ನೇ ಕೇಳು.

ಆ ಗರ್ಡರ್ ಮೇಲೆ ರೈಲು ಓಡಿದೆ, ತಂಗಿ. ಎಂಜಿನ್ನು, ಕಲ್ಲಿದ್ದಲು ತುಂಬಿದ ಡಬ್ಬಿ, ಎಲ್ಲ ಓಡಿವೆ. ರೈಲು ಹೊತ್ತದ್ದು ನಿನ್ನ ಕೂಸನ್ನು ಹೊರಲಾರದೇ? ನೀನು ಪುಸ್ತಕದಲ್ಲಿ ಓದಿದ್ದೀಯ, ಒಪ್ಪುತ್ತೇನೆ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಲ್ಲಿಯ ತನಕ? ನಾನು ಅದರ ಕೆಳಗೇ ಎರಡನೇ ಹಲ್ಲು ಬಂದವನು, ಅದರ ಕೆಳಗೇ ಹಲ್ಲು ಬಿದ್ದವನು.

ನೋಟಿಸಿನ ಚಿಂತೆ ನಿನಗೆ ಬೇಡ. ನೀನು ಉಂಡು ಮಲಗಿ ಚೇತರಿಸಿಕೊ.

ನಿನ್ನ ಮಾವ,
ಭಾಗಣ್ಣ


ಕೊಡ್ಲಿ
27 ಸೆಪ್ಟೆಂಬರ್ 2024

ಮಾವ,

ನಮ್ಮಪ್ಪನನ್ನು ಕೇಳಿದೆ. ಪೂಲಿನ ಮನೆ ಎಂದೇ ಕೇಳಿಕೊಂಡು ಬಂದರಂತೆ. ಆ ವಿಷಯದಲ್ಲಿ ನೀವು ಗೆದ್ದಿರಿ.

ಆದರೆ ರೈಲು ಹೊತ್ತದ್ದು ಎಂದು ನೀವು ಯಾವುದಕ್ಕೆ ಹಿಗ್ಗುತ್ತೀರೋ ನನಗೆ ಅದೇ ಹೆದರಿಕೆ. ಹತ್ತು ವರ್ಷ ಹೊಲದಲ್ಲಿ ಗಳೆ ಹೊಡೆದ ಎತ್ತನ್ನು ಸಂತೆಯಲ್ಲಿ ಕೊಳ್ಳುವಾಗ ಹೊಸ ಎತ್ತಿಗಿಂತ ಹೆಚ್ಚು ಗಟ್ಟಿ ಎಂದು ಯಾರಾದರೂ ಕೊಳ್ಳುತ್ತಾರೆಯೇ? ಹಲ್ಲು ನೋಡುತ್ತಾರೆ. ರೈಲು ದಿನವೂ ಓಡಿ ಓಡಿ ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಸೀಳುಗಳು ಬಂದಿರುತ್ತವೆ. ಇನ್ನು ಕೆಲಸಕ್ಕೆ ಬಾರದು ಎಂದೇ ಅಲ್ಲವೇ ಅದನ್ನು ಕಳಚಿ ಹರಾಜಿಗೆ ಹಾಕುವುದು? ಭಾಳ ಹಳೆಯ ಸೇತುವೆಗಳದ್ದು ಈಗಿನಂಥ ಉಕ್ಕೂ ಅಲ್ಲ. ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು ಎಂದು ಎಂಜಿನಿಯರ್‌ಗೂ ತಿಳಿಯುವುದಿಲ್ಲ.

ನಿಮ್ಮ ಮಗ ಕಳಿಸಿದ ಫೋಟೋ ನೋಡಿದೆ. ದಪ್ಪ ಬೆಳ್ಳಿ ಬಣ್ಣ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ಕೆಳಗಿನ ಅಂಚಿನುದ್ದಕ್ಕೂ ಸಾಲಾಗಿ ಕಪ್ಪು ಉಬ್ಬುಗಳಿವೆ. ರಿವೆಟ್ಟುಗಳು. ಸೇತುವೆಯ ಗರ್ಡರ್ ಒಂದೇ ತುಂಡಿನದಲ್ಲ, ತಗಡುಗಳನ್ನು ಗುಂಡುತಲೆಯ ರಿವೆಟ್ ಮೊಳೆ ಹೊಡೆದು ಜೋಡಿಸಿದ್ದು. ಮದುವೆಯಾಗಿ ಬಂದಾಗಿನಿಂದ ಅವನ್ನು ದಿನವೂ ಕೆಳಗಿನಿಂದ ನೋಡಿದ್ದೇನೆ, ಚಂದಕ್ಕೆ ಎಂದು ಬಿಟ್ಟಿದ್ದೆ. ಈಗ ಫೋಟೋ ದೊಡ್ಡದು ಮಾಡಿ ಒಂದೊಂದನ್ನೂ ಎಣಿಸಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಅದಕ್ಕೇ ಕೇಳುತ್ತೇನೆ. ಬಣ್ಣ ಕೆರೆಸಿರಿ. ಉಬ್ಬುಗಳ ಮೇಲೆ ಮೊದಲು ಕೆರೆಸಿ, ಅಡಿಯಲ್ಲಿ ರಿವೆಟ್ ಇದೆಯೇ, ಹಳೇ ತೂತುಗಳಿವೆಯೇ ನೋಡಿರಿ. ಆಮೇಲೆ ಗರ್ಡರಿನ ನಡುವಿನ ಪಕ್ಕೆಯಲ್ಲಿ ಕೆರೆಸಿರಿ. ಕಾರ್ಖಾನೆಯವರು ಕಾಸಿದ ಉಕ್ಕನ್ನು ರೋಲರಿನಲ್ಲಿ ಉರುಳಿಸುವಾಗಲೇ ಹೆಸರಿನ ಉಬ್ಬಕ್ಷರ ಒತ್ತಿರುತ್ತಾರೆ. ಕೊನೆಗೆ, ಬಣ್ಣವಿಲ್ಲದ ಜಾಗದಲ್ಲಿ ಕೆಳಗಿನ ಅಂಚಿನ ಅಗಲ ಅಳೆಯಿರಿ. ಎಪ್ಪತ್ತಾರು ಮಿಲಿಮೀಟರ್ ಬಂದರೆ ಅದು ಮೂರು ಇಂಚು, ಇಂಗ್ಲಿಷರ ಕಾಲದ ಅಳತೆ. ಎಂಬತ್ತು ಬಂದರೆ ನಮ್ಮ ದೇಶಕ್ಕೆ ಮೀಟರ್ ಲೆಕ್ಕ ಬಂದ ಮೇಲೆ ತಯಾರಾದದ್ದು, ಹಳೇ ಪೂಲಿನದಾಗಿರಲಾರದು. ಈ ನಾಲ್ಕು ಮಿಲಿಮೀಟರ್ ಮೇಲೆ ನನ್ನ ಜೀವ ನಿಂತಿದೆ.

ಸುಶ್ಮಿತಾ


ವಾಡಿ
8 ಅಕ್ಟೋಬರ್ 2024

ಚಿ. ಸುಶ್ಮಿತಾಳಿಗೆ ಆಶೀರ್ವಾದ.

ಬಣ್ಣ ಕೆರೆಸುವ ಮಾತು ಬೇಡ. ಪ್ರತಿ ದೀಪಾವಳಿಗೆ ಗರ್ಡರಿಗೆ ಬೆಳ್ಳಿ ಬಣ್ಣ ಹಚ್ಚುವುದು, ರಿವೆಟ್ ಇದ್ದಲ್ಲಿ ಕಪ್ಪು ಬಣ್ಣದ ಬೊಟ್ಟು ಇಡುವುದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಹೆಗಲ ಮೇಲೆ ಕೂಡಿಸಿಕೊಂಡು, ನನ್ನ ಕೈ ಹಿಡಿದು ಬೊಟ್ಟು ಇಡಿಸುತ್ತಿದ್ದ. "ಇಲ್ಲಿ ಒಂದು. ಇಲ್ಲಿ ಒಂದು. ಸಾಲು ತಪ್ಪಬ್ಯಾಡ." ಅಪ್ಪ ಹೋದ ಮೇಲೆ ಒಂದು ವರ್ಷವೂ ನಾನು ತಪ್ಪಿಸಿಲ್ಲ. ಸೂತಕ ಬಂದ ವರ್ಷವೂ ಹಚ್ಚಿದ್ದೇನೆ.

ಆಯುಧ ಪೂಜೆ ಬಂತು, ಹಿಂದೆಯೇ ದೀಪಾವಳಿ. ಹಬ್ಬದ ಹೊತ್ತಿಗೆ ಮನೆಯ ಮೈ ಸುಲಿಯುವವರುಂಟೇ?

ಕೂಸಿಗೆ ಕೆಮ್ಮು ಎಂದು ನಿನ್ನ ಗಂಡ ಅಂಬರೇಶ ಹೇಳಿದ. ವೀಳ್ಯದೆಲೆ ಬೆಚ್ಚಗೆ ಮಾಡಿ ಎದೆಗೆ ಇಡಲು ನಿನ್ನ ಅತ್ತೆ ಹೇಳುತ್ತಾಳೆ. ಡಾಕ್ಟರಿಗೂ ತೋರಿಸು.

ಭಾಗಣ್ಣ


ಕೊಡ್ಲಿ
9 ನವೆಂಬರ್ 2024

ಮಾವ,

ಕೆಮ್ಮು ವಾಸಿಯಾಗಿದೆ. ಈಗ ಬೋರಲು ಬೀಳಲು ನೋಡುತ್ತಾಳೆ, ಅರ್ಧಕ್ಕೆ ಸಿಕ್ಕಿಬಿದ್ದು ಊರು ಕೇಳುವಂತೆ ಅಳುತ್ತಾಳೆ. ಹಟ ಯಾರದ್ದು ಎಂದು ನಾನು ಹೇಳುವುದಿಲ್ಲ.

ಹಬ್ಬ ಹೋಯಿತು, ನಿಮ್ಮ ಕಾಗದವಿಲ್ಲ. ಬಣ್ಣ ಹಚ್ಚಿದರೇ ಎಂದು ಅತ್ತೆಯವರನ್ನು ಫೋನಿನಲ್ಲಿ ಕೇಳಿದರೆ ಹೋಳಿಗೆಯ ಮಾತು ತೆಗೆದರು.

ಇಲ್ಲಿ ಜನ ಏನೇನೋ ಅನ್ನುತ್ತಾರೆ. ಸೊಸೆ ಬೇರೆ ಮನೆ ಮಾಡಲು ನೆಪ ಹುಡುಕಿದ್ದಾಳೆ ಎಂದು ಒಬ್ಬರು ನಮ್ಮವ್ವನ ಮುಖಕ್ಕೇ ಹೇಳಿ ಹೋದರು. ನಿಮ್ಮ ಕಿವಿಗೂ ಬಂದಿರಬಹುದು. ಅದಕ್ಕೇ ನೇರವಾಗಿ ಬರೆಯುತ್ತೇನೆ. ನನಗೆ ಬೇರೆ ಮನೆ ಬೇಡ. ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಫರಸಿ ನೆಲದ ತಂಪು ಕಾಲಿಗೆ ತಾಗುವುದು, ಅತ್ತೆಯವರು ರೊಟ್ಟಿ ಬಡಿಯುವುದು, ನೀವು ಪೇಪರಿನ ತಪ್ಪು ಹುಡುಕಿ ಎಲ್ಲರಿಗೂ ಓದಿ ಹೇಳುವುದು, ಇದೆಲ್ಲ ಬೇಕು. ಬರಬಾರದು ಎಂದು ಇಷ್ಟೆಲ್ಲ ಕೇಳುತ್ತಿಲ್ಲ, ಬರಬೇಕು ಎಂದೇ ಕೇಳುತ್ತಿದ್ದೇನೆ. ಅಲ್ಲಿಗೆ ಬಂದು ಮಗಳನ್ನು ಮಲಗಿಸಿ, ಇಡೀ ದಿನ ಮೇಲೆ ನೋಡುತ್ತ ಕೂರುವ ಬಾಳು ಬೇಡ ಅಷ್ಟೆ.

ನಿಮ್ಮ ತಂದೆಯವರನ್ನು ನಾನು ಕಂಡಿಲ್ಲ. ಅವರ ಮಾತನ್ನು ಹಗುರ ಮಾಡಬೇಕೆಂಬ ಆಸೆ ನನಗಿಲ್ಲ.

ನಿಮ್ಮ,
ಸುಶ್ಮಿತಾ


ವಾಡಿ
24 ನವೆಂಬರ್ 2024

ಚಿ. ಸೌ. ಸುಶ್ಮಿತಾಳಿಗೆ ಆಶೀರ್ವಾದ.

ಈ ದೀಪಾವಳಿಗೆ ನಾನು ಬಣ್ಣ ಹಚ್ಚಲಿಲ್ಲ. ಡಬ್ಬಿ ತಂದಿಟ್ಟಿದ್ದೆ, ಮುಚ್ಚಳ ತೆಗೆಯಲು ಮನಸ್ಸಾಗಲಿಲ್ಲ. ನಿನ್ನ ಕಾಗದ ಬಂದ ಮೇಲೆ ಮತ್ತೂ ಒಂದು ವಾರ ಸುಮ್ಮನೆ ಕೂತೆ. ನಿನ್ನ ಅತ್ತೆ ಮರೆಮ್ಮ ಮೂರು ಹೊತ್ತೂ ಊಟಕ್ಕೆ ಬಡಿಸಿದಳೇ ಹೊರತು ಮಾತು ಬಡಿಸಲಿಲ್ಲ.

ನಿನ್ನೆ ಜಹಾಂಗೀರನನ್ನು ಕರೆದೆ. ಪಕ್ಕದ ಮನೆಯ ಗೆಳೆಯ, ವೆಲ್ಡಿಂಗ್ ಅಂಗಡಿಯವ, ನಿನಗೆ ಗೊತ್ತೇ ಇದ್ದಾನೆ. ಬಣ್ಣ ಮೆತ್ತಗಾಗಿಸುವ ಎಣ್ಣೆ, ತಂತಿ ಬ್ರಷ್ಷು, ಉಳಿ ಹಿಡಿದು ಬಂದ. ಅಂಬರೇಶ ಏಣಿ ಹಿಡಿದ. ನಾನೇ ಹತ್ತಿದೆ. ಇಳಿಯಿರಿ ಎಂದು ಎಲ್ಲರೂ ಒದರಿದರು, ನಾನು ಕೇಳಲಿಲ್ಲ. ಮೊದಲ ಬೊಟ್ಟನ್ನು ಬೇರೆಯವರು ಕೆರೆಯುವುದು ನನಗೆ ಸರಿ ಕಾಣಲಿಲ್ಲ.

ಉಳಿ ಹಚ್ಚಿ ಒಂದು ಏಟು ಹಾಕಿದೆ. ರಿವೆಟ್ಟು ಎದ್ದು ನನ್ನ ಅಂಗೈಯಲ್ಲಿ ಬಿತ್ತು.

"ಏ ಭಾಗಣ್ಣ, ಏನ್ ಮುರದಿಯೋ?" ಎಂದು ಜಹಾಂಗೀರ ಗಾಬರಿಯಾದ.

ನಾನು ಕೆಳಗಿಳಿದು ಬೆಳಕಿಗೆ ಹಿಡಿದು ನೋಡಿದೆ. ಅದು ಕಬ್ಬಿಣವಲ್ಲ, ಬಣ್ಣ. ಬೆಳ್ಳಿ, ಕಪ್ಪು, ಬೆಳ್ಳಿ, ಕಪ್ಪು, ಪದರದ ಮೇಲೆ ಪದರ. ವರ್ಷವೂ ಒಂದೇ ಜಾಗಕ್ಕೆ ಬೊಟ್ಟು ಇಟ್ಟೂ ಇಟ್ಟೂ ಗುಂಡಿಯಷ್ಟು ದಪ್ಪ ಬೆಳೆದಿತ್ತು. ಜಹಾಂಗೀರ ಅದನ್ನು ಉಗುರಿನಿಂದ ಬಿಡಿಸಿ ನೋಡಿ, "ಅರೇ ಯಾರ್, ನೀ ಇಷ್ಟು ವರ್ಷ ಕುಂತು ರಿವೆಟ್ ಬೆಳಸೀಯಲ್ಲೋ" ಎಂದ. ಅಂಬರೇಶ ನಗು ತಡೆಯಲಾರದೆ ಏಣಿ ಬಿಟ್ಟು ಹೊರಗೆ ಹೋದ.

ನನಗೆ ನಗು ಬರಲಿಲ್ಲ. ಮತ್ತೆ ಹತ್ತಿ ಎರಡನೆಯದನ್ನು ಕೆರೆದೆ, ಮೂರನೆಯದನ್ನು ಕೆರೆದೆ. ಸಂಜೆಯ ಹೊತ್ತಿಗೆ ಎಲ್ಲ ಗರ್ಡರಿನ ಎಲ್ಲ ಬೊಟ್ಟುಗಳೂ ಹೋದವು. ಅಡಿಯಲ್ಲಿ ನುಣ್ಣನೆಯ ಕಬ್ಬಿಣ. ರಿವೆಟ್ ಇಲ್ಲ, ತೂತು ಇಲ್ಲ, ಜೋಡಿಸಿದ ಗುರುತಿಲ್ಲ. ನಡುವಿನ ಪಕ್ಕೆಯಲ್ಲಿ ನೀನು ಹೇಳಿದ ಉಬ್ಬಕ್ಷರಗಳು ಸಿಕ್ಕವು. ಮೊದಲಿನವು ತಿಂದುಹೋಗಿವೆ, ಕೊನೆಗೆ ಇಂಡಿಯಾ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿದೆ. ಅಂಬರೇಶ ಪ್ರತಿಯೊಂದರ ಅಗಲ ಅಳೆದ. ಎಂಬತ್ತು. ನಾನು ಟೇಪು ಕಸಿದುಕೊಂಡು ಅಳೆದೆ. ಎಂಬತ್ತೇ.

ಪೂಲಿನದಲ್ಲ, ತಂಗಿ.

ಹೊರಗಿನ ಕಟ್ಟೆಯ ಮೇಲೆ ಕೂತೆ. ಅಪ್ಪ ಸುಳ್ಳು ಹೇಳಿದನೇ, ಹೆಗಲ ಮೇಲೆ ಕೂಡಿಸಿಕೊಂಡು ನನ್ನ ಕೈಯಿಂದಲೇ ಸುಳ್ಳಿಗೆ ಬೊಟ್ಟು ಇಡಿಸಿದನೇ ಎಂದು ಆ ಬಣ್ಣದ ಗುಂಡಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ನಿನ್ನ ಅತ್ತೆ ಚಹಾ ತಂದು ಪಕ್ಕದಲ್ಲಿ ಕೂತಳು. "ಖರೇ ಆಗಿದ್ರ ಮನಿ ಕೆಡವಬೇಕಿತ್ತು. ಸುಳ್ಳು ಆಗಿದ್ದಕ್ಕ ಉಳೀತದ. ನಿಮ್ಮಪ್ಪ ಸುಳ್ಳು ಹೇಳಿ ಭಾಳ ಚಲೋ ಮಾಡ್ಯಾನ ಬಿಡ್ರಿ" ಎಂದಳು. ಆಮೇಲೆ ಅವಳೇ ಅತ್ತಳು, ಯಾಕೆಂದು ನಾನು ಕೇಳಲಿಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಬಚ್ಚಲ ಗೋಡೆಯೊಳಗೆ ಹೋಗಿರುವ ಒಂದು ಗರ್ಡರಿನ ತುದಿ ತುಕ್ಕು ಹಿಡಿದು ಹಪ್ಪಳದಂತೆ ಸುಲಿಯುತ್ತದೆ. ಅದಕ್ಕೆ ಏನು ಮಾಡಬೇಕು, ಬೇಗ ಬರಿ. ಬೇಡ, ಫೋನ್ ಮಾಡು. ಸಿಟ್ಟಿಲ್ಲ ಈಗ.

ನಿನ್ನ ಮಾವ,
ಭಾಗಣ್ಣ


ಕೊಡ್ಲಿ
2 ಡಿಸೆಂಬರ್ 2024

ಮಾವ,

ಫೋನಿನಲ್ಲಿ ಎಲ್ಲ ಹೇಳಿದೆನಾದರೂ ಇಂಥ ಕಾಗದಕ್ಕೆ ಉತ್ತರ ಬರೆಯದಿದ್ದರೆ ಅಂಚೆಯವರ ಸೊಸೆ ಎನ್ನಿಸಿಕೊಳ್ಳಲು ಲಾಯಕ್ಕಲ್ಲ. ನಿಮ್ಮ ಕಾಗದವನ್ನು ನಮ್ಮವ್ವನಿಗೆ ಓದಿ ಹೇಳಿದೆ. ಎಂಬತ್ತು ಎಂಬಲ್ಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ, ಅವ್ವ ನೀರು ತಂದುಕೊಟ್ಟಳು. 

ನಿಮ್ಮ ಗರ್ಡರ್ ಕಾರ್ಖಾನೆಯಲ್ಲಿ ಒಂದೇ ತುಂಡಾಗಿ ಉರುಳಿಸಿದ ಉಕ್ಕು. ಹೊಸದಾಗಿ ಕೊಂಡದ್ದು. ಮೈಯಲ್ಲಿ ಒಂದೂ ತೂತಿಲ್ಲ ಎಂದ ಮೇಲೆ ಅದು ನಿಮ್ಮ ಮನೆಯ ಹೊರತು ಬೇರೆ ಯಾವ ಭಾರವನ್ನೂ ಹೊತ್ತಿರಲಾರದು. ಅದರ ಅಳತೆ, ತೂಕ, ತಾಳಿಕೆ ಎಲ್ಲ ನಾನು ಪಾಠ ಮಾಡುವ ಪುಸ್ತಕದಲ್ಲೇ ಇದೆ. ಲೆಕ್ಕ ಹಾಕಿದೆ. ಫರಸಿ ಕಲ್ಲಿನ ಭಾರಕ್ಕೆ ಧಾರಾಳ ಸಾಕು. ಸೋರಿದಾಗಲೆಲ್ಲ ಮಾಳಿಗೆಯ ಮೇಲೆ ಮಣ್ಣು ಹಾಕುತ್ತ ಬಂದಿದ್ದೀರಲ್ಲ, ಅದೇ ಹೆಚ್ಚು. ಅದನ್ನು ಇಳಿಸಬೇಕು. ತುಕ್ಕಿನ ತುದಿಯ ಕೆಳಗೆ ಇಟ್ಟಿಗೆಯ ಕಂಬ ಕಟ್ಟಿಸಬೇಕು, ಅದು ಮುಗಿಯುವ ತನಕ ಫೋನಿನಲ್ಲಿ ಹೇಳಿ ಕೊಡಿಸಿದ ಕಟ್ಟಿಗೆಯ ಆಸರೆ ತೆಗೆಯಬಾರದು.

ಸೊಸೆಯ ಸಹಿ ನೋಟಿಸಿಗೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಸೇಡಂನ ರತ್ನದೀಪ ಸರ್ ನಮ್ಮ ಕಾಲೇಜಿನಲ್ಲಿ ಹಿರಿಯರು. ಕಬ್ಬಿಣದ ದಪ್ಪ ಅಳೆಯುವ ಯಂತ್ರ ತರುತ್ತಾರೆ. ಮುಲಾಜು ನೋಡುವವರಲ್ಲ. ಅವರಿಗೆ ಪೂಲಿನ ಕತೆ ಹೇಳಬೇಡಿರಿ, ಕೈಮುಗಿಯುತ್ತೇನೆ.

ದೇವೀಂದ್ರಪ್ಪ ಅಜ್ಜನವರು ಯಾಕೆ ಹಾಗೆ ಹೇಳಿದರೋ. ಬಜಾರದ ಗರ್ಡರ್ ಯಾರಾದರೂ ತರಬಹುದು, ಪೂಲು ತಂದವರು ಅವರೊಬ್ಬರೇ. ಗ್ಯಾಂಗ್‌ಮನ್‌ಗೆ ಆ ಊರಲ್ಲಿ ಅಷ್ಟಾದರೂ ಮೆರೆಯುವ ಆಸೆ ಇರಬಾರದೇ? ನನಗಂತೂ ಅವರ ಮೇಲೆ ಪ್ರೀತಿಯೇ ಬಂದಿದೆ.

ನಿಮ್ಮ ಮಗಳಂಥ ಸೊಸೆ,
ಸುಶ್ಮಿತಾ


ವಾಡಿ
4 ಜನವರಿ 2025

ಚಿ. ಸೌ. ಸುಶ್ಮಿತಾಳಿಗೆ ಮನೆಯವರೆಲ್ಲರ ಆಶೀರ್ವಾದ.

ರತ್ನದೀಪ ಮಾಸ್ತರರು ಎರಡು ಸಲ ಬಂದು ಹೋದರು. ಡಾಕ್ಟರು ಎದೆಗೆ ಹಚ್ಚುವಂತೆ ಒಂದು ಸಣ್ಣ ಗುಂಡಿಯನ್ನು ಗರ್ಡರಿಗೆ ಹಚ್ಚಿ ಹಚ್ಚಿ ಬರೆದುಕೊಂಡರು. ನಾನು ಪೂಲಿನ ಕತೆ ಹೇಳಲಿಲ್ಲ. ಜಹಾಂಗೀರ ಹೇಳಿದ, ರಿವೆಟ್ ಸಮೇತ ತೋರಿಸಿ ಹೇಳಿದ. ಮಾಸ್ತರರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಮಣ್ಣು ಇಳಿಸಿದ್ದಾಯಿತು, ಎರಡು ಟ್ರ್ಯಾಕ್ಟರ್ ಆಯಿತು. ಕಂಬ ಎದ್ದಿದೆ. ಮನೆ ಗಟ್ಟಿಯಿದೆ, ವಾಸಕ್ಕೆ ಅಡ್ಡಿಯಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟರು. ನೋಟಿಸು ಮುಗಿಯಿತು.

ನಿನ್ನೆ ಪುರಸಭೆಯ ಆ ಎಂಜಿನಿಯರ್ ಸಾಹೇಬರು ಕಂಬ ನೋಡಲು ಬಂದಿದ್ದರು. ಚಹಾ ಕುಡಿಯುತ್ತ, "ಏನ್ರೀ ಭಾಗಣ್ಣನವರ, ಯಾವ ಪೂಲಿನವು ಅಂದಿದ್ರಿ ಇವು?" ಎಂದರು. ಓಣಿಯ ನಾಲ್ಕು ಮಂದಿ ಬಾಗಿಲಲ್ಲಿದ್ದರು.

"ಯಾವ ಪೂಲಿನವೂ ಅಲ್ರಿ ಸಾಹೇಬ್ರ," ಎಂದೆ. "ಬಜಾರದಾಗ ತಂದದ್ದು. ಎಲ್ಲಾರ ಮನ್ಯಾಗ ಇರ್ತಾವಲ್ಲ, ಅಂಥಾವೇ."

ಹೇಳುವಾಗ ನಾಲಿಗೆ ತಡೆದೀತು ಎಂದುಕೊಂಡಿದ್ದೆ. ತಡೆಯಲಿಲ್ಲ, ಹಗುರಾಯಿತು.

ಇನ್ನು ನಿನಗೆ ಹೇಳದಿದ್ದ ಒಂದು ಮಾತಿದೆ. ಬಾಣಂತಿಗೆ ತಿಳಿಯಬಾರದು ಎಂದು ಅಂಬರೇಶನಿಗೂ ಆಣೆ ಹಾಕಿಸಿದ್ದೆ. ನಿನ್ನ ಮೊದಲ ಕಾಗದ ಬಂದ ದಿನವೇ ನಿನ್ನ ಅತ್ತೆಯನ್ನೂ ಅವನನ್ನೂ ಜಹಾಂಗೀರನ ಮನೆಗೆ ಮಲಗಲು ಕಳಿಸಿದೆ. ರೈಲು ಹೊತ್ತದ್ದು ಕೂಸನ್ನು ಹೊರಲಾರದೇ ಎಂದು ನಿನಗೆ ಬರೆದವನು, ಹೆಂಡತಿ ಮಗನನ್ನು ಅದರ ಕೆಳಗೆ ಮಲಗಿಸಲು ಧೈರ್ಯ ಮಾಡಲಿಲ್ಲ. ನಾನೊಬ್ಬನೇ ಒಳಗೆ ಮಲಗಿದೆ. ಬೀಳುವುದಿದ್ದರೆ ಜಂಬ ಕೊಚ್ಚಿದವನ ಮೇಲೆಯೇ ಬೀಳಲಿ ಎಂದು. ಜಹಾಂಗೀರನ ಹೆಂಡತಿ ಜೈತುನ್ಬೀ ದಿನಾ ಬೆಳಗ್ಗೆ ಬಂದು, ನಾನಿದ್ದೇನೋ ಇಲ್ಲವೋ ಎಂದು ಬಾಗಿಲು ಬಡಿದು ನೋಡುತ್ತಿದ್ದಳು.

ಮಾಸ್ತರರು ಸಹಿ ಮಾಡಿ ಹೋದ ದಿನ ನಿನ್ನ ಅತ್ತೆ ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಓಣಿಯಲ್ಲಿ ಎಲ್ಲರ ಎದುರಿಗೇ ಮನೆಗೆ ಬಂದಳು. ಹಿಂದೆ ಅಂಬರೇಶ ದಿಂಬು ಹಿಡಿದಿದ್ದ. ಮರುದಿನ ಬಿಸಿಲು ಹೊಸ್ತಿಲು ದಾಟುವ ತನಕ ನನಗೆ ಎಚ್ಚರವೇ ಆಗಲಿಲ್ಲ. ಗೊರಕೆಗೆ ನಿದ್ದೆ ಇಲ್ಲದಾಯಿತು ಎಂದು ಮರೆಮ್ಮ ಬೈದಳು.

ಇದೇ ಹದಿನಾರನೇ ತಾರೀಖು ಗುರುವಾರ ನಾವಿಬ್ಬರೂ ಜೀಪು ಮಾಡಿಕೊಂಡು ಕೊಡ್ಲಿಗೆ ಬರುತ್ತೇವೆ. ಕೂಸಿನ ಬಟ್ಟೆ ಕಟ್ಟಿಡು.

ನಿನ್ನ ಮಾವ,
ಭಾಗಣ್ಣ